ಗುರಣ್ಣನ ಬಂದೂಕಿನ ರಸೀದಿ

ನಮ್ಮೂರು ಹುಣಸಿಬಾವಿಯಲ್ಲಿ ಚುನಾವಣೆ ಬಂತೆಂದು ಗೊತ್ತಾಗುವುದು ಪತ್ರಿಕೆಯಿಂದಲ್ಲ, ಮೈಕಿನಿಂದಲೂ ಅಲ್ಲ. ಮಡಿವಾಳಪ್ಪ ಗೌಡರ ಬಂದೂಕು ಮನೆಯಿಂದ ಹೊರಬಿದ್ದರೆ ಚುನಾವಣೆ ಬಂತೆಂದು ಅರ್ಥ. ಲೈಸೆನ್ಸ್ ಇದ್ದ ಬಂದೂಕುಗಳನ್ನು ಮತದಾನ ಮುಗಿದು ಎಲ್ಲ ತಣ್ಣಗಾಗುವ ತನಕ ಪೊಲೀಸ್ ಠಾಣೆಯಲ್ಲಿ ಜಮಾ ಮಾಡಿಸಿಕೊಳ್ಳುತ್ತಾರೆ. ಗೌಡರ ಜೋಡುನಳಿಗೆ ಬಂದೂಕು ಅವರ ಅಜ್ಜನ ಕಾಲದ್ದು. ಅದು ಹಾರಿದ್ದನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಆದರೂ ಅದು ಹೊರಡುವ ದಿನ ನೋಡಬೇಕು. ಗೌಡತಿ ಇಂದುಬಾಯಿಯವರು ಅದಕ್ಕೆ ಕುಂಕುಮ ಹಚ್ಚಿ, ಹಳೆಯ ಶಾಲು ಸುತ್ತಿ ಕೊಡುತ್ತಾರೆ. ಜೀಪಿನ ಮುಂದಿನ ಸೀಟಿನಲ್ಲಿ ಬಂದೂಕು, ಹಿಂದಿನ ಸೀಟಿನಲ್ಲಿ ಗೌಡರು. ಸಂಜೆ ಗೌಡರು ಬರಿಗೈಯಲ್ಲಿ ಹಿಂದಿರುಗಿ, ನನ್ನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಕೂತು, ಜೇಬಿನಿಂದ ಠಾಣೆಯ ರಸೀದಿ ತೆಗೆದು, ಯಾರೂ ಕೇಳದಿದ್ದರೂ ಗಟ್ಟಿಯಾಗಿ ಓದುತ್ತಾರೆ.

ಆ ರಸೀದಿ ಓದುವಾಗ ಗುರಣ್ಣನ ಮುಖ ನೋಡಬೇಕು. ಹಬ್ಬದ ದಿನ ಪಂಕ್ತಿಯಲ್ಲಿ ಹೋಳಿಗೆ ಅವನ ಎಲೆಯೊಂದನ್ನೇ ಬಿಟ್ಟು ಮುಂದೆ ಹೋದಂತಿರುತ್ತದೆ.

ಗುರಣ್ಣ ನನ್ನ ನೆರೆಯವನು. ಅವನ ಮನೆಗೂ ನನ್ನ ಗಿರಣಿಗೂ ನಡುವೆ ಒಂದೇ ಗೋಡೆ, ಆ ಗೋಡೆಗೆ ಒಂದು ಬಿರುಕು. ಹಾಗಾಗಿ ನಾನು, ಎಂದರೆ ಗಿರಣಿ ಸಿದ್ಧರಾಮ, ಹೇಳುವುದರಲ್ಲಿ ಸುಳ್ಳು ಕಡಿಮೆ. ಅವನಿಗೆ ನಾಲ್ಕು ಎಕರೆ ನಿಂಬೆ ತೋಟವಿದೆ. ನಮ್ಮ ಇಂಡಿ ಸೀಮೆಯ ನಿಂಬೆಹಣ್ಣಿಗೆ ಊರೂರಲ್ಲಿ ಹೆಸರಿದೆ. ಅದನ್ನು ಬೆಳೆದ ಗುರಣ್ಣನಿಗೆ ಅವನ ಓಣಿಯ ಆಚೆ ಹೆಸರಿಲ್ಲ. ಇದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

"ಸಿದ್ಧಣ್ಣಾ, ಸರಕಾರ ಅಂಜಿ ತನ್ನ ಕೈಯಾಗ ಇಟ್ಟಗೋಬೇಕು, ಅಂಥಾದೊಂದು ಸಾಮಾನು ನಮ್ಮ ಮನ್ಯಾಗೂ ಇರಬೇಕು ನೋಡು" ಎಂದು ಅವನು ಒಮ್ಮೆ ನಿಟ್ಟುಸಿರು ಬಿಟ್ಟ.

"ನಿನ್ನ ನಾಲಿಗಿ ಐತೆಲ್ಲ, ಅದನ್ನ ಜಮಾ ಮಾಡು" ಎಂದೆ. ಅವನು ನಗಲಿಲ್ಲ. ಆಗಲೇ ನಾನು ಎಚ್ಚರವಾಗಬೇಕಿತ್ತು.

ಅವನಿಗೆ ಒಬ್ಬಳೇ ಮಗಳು, ರಾಜಶ್ರೀ. ಎರಡು ವರ್ಷ ಪ್ರತಿ ದಿನ ಬೆಳಗ್ಗೆ ಲಚ್ಯಾಣದ ರಸ್ತೆಯ ಮೇಲೆ ಓಡಿ ಓಡಿ, ಆ ರಸ್ತೆಯ ನಾಯಿಗಳೆಲ್ಲ ಬೊಗಳುವುದನ್ನು ಬಿಟ್ಟು ಜೊತೆಗೆ ಓಡತೊಡಗಿದ್ದವು. ಈ ಸಂಗತಿ ನಡೆದ ವರ್ಷ ಪೊಲೀಸ್ ಕಾನ್‌ಸ್ಟೆಬಲ್ ಪಟ್ಟಿಯಲ್ಲಿ ಅವಳ ಹೆಸರು ಬಂತು. ಓಟ ಮುಗಿಯಿತು, ಪರೀಕ್ಷೆ ಮುಗಿಯಿತು, ವೈದ್ಯರ ತಪಾಸಣೆಯೂ ಮುಗಿಯಿತು. ಉಳಿದದ್ದು ಒಂದೇ: ಹುಡುಗಿಯ ಮನೆಯವರು ಎಂಥವರು, ಕೇಸುಗೀಸು ಉಂಟೇ ಎಂದು ನಮ್ಮ ಠಾಣೆಯವರು ವಿಚಾರಿಸಿ ವರದಿ ಬರೆಯಬೇಕು. ಆ ವರದಿ ಸೋಮವಾರದೊಳಗೆ ವಿಜಯಪುರ ಮುಟ್ಟಬೇಕು.

ಬೇರೆ ತಂದೆಯಾಗಿದ್ದರೆ ಸೋಮವಾರದ ತನಕ ಬಾಯಿ ಮುಚ್ಚಿಕೊಂಡು ದೇವರಿಗೆ ಕೈಮುಗಿಯುತ್ತಿದ್ದ. ನಮ್ಮ ಗುರಣ್ಣ ಇರಲಾರದೆ ಇರುವೆ ಬಿಟ್ಟುಕೊಂಡ.

ಇರುವೆಯನ್ನು ತಂದುಕೊಟ್ಟವನು ದುಂಡೇಶ. ಗುರಣ್ಣನ ಹೆಂಡತಿ ತಿಪ್ಪವ್ವನ ತಮ್ಮ. ಮುದ್ದೇಬಿಹಾಳದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕೇಳಿದ್ದಕ್ಕೂ ಕೇಳದ್ದಕ್ಕೂ ಒಂದೇ ಧೈರ್ಯದಿಂದ ಉತ್ತರ ಹೇಳುವುದು ಅವನ ಗುಣ. ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾವನ್ನು ಮಂಗಗಳು ಬಿಡುತ್ತಿಲ್ಲವೆಂದು ಅಕ್ಕ ಫೋನಿನಲ್ಲಿ ಅತ್ತದ್ದಕ್ಕೆ, ಅವನು ಒಂದು ಉದ್ದನೆಯ ಡಬ್ಬಿ ಹಿಡಿದುಕೊಂಡು ಬಂದ. ಡಬ್ಬಿಯೊಳಗೆ ಕಪ್ಪಗೆ ಮಿರಮಿರ ಮಿಂಚುವ ಒಂದು ಬಂದೂಕು.

"ಏರ್‌ಸಾಫ್ಟ್ ಅಂತಾರ ಮಾಮಾ ಇದಕ. ಪ್ಲಾಸ್ಟಿಕ್ ಗುಂಡು. ಮಂಗ್ಯಾನ್ನ ಅಂಜಸಾಕ ಸಾಕು. ಸೆಕೆಂಡಿಗೆ ಇನ್ನೂರು ಅಡಿ ಓಡ್ತೈತಿ ನೋಡ್ರಿ, ಡಬ್ಬಿ ಮ್ಯಾಲ ಬರದಾರ."

"ಇನ್ನೂರು ಅಡಿ!" ಗುರಣ್ಣ ಬಂದೂಕನ್ನು ಎರಡೂ ಕೈಯಲ್ಲಿ ಕೂಸಿನ ಹಾಗೆ ಎತ್ತಿಕೊಂಡ. "ಅಂದ್ರ ಇಲ್ಲಿ ಕುಂತು ಹೊಡದ್ರ ಗೌಡ್ರ ಬಾಗಲಾ."

"ಗುಂಡು ಭಾರ ಇದ್ದಷ್ಟೂ ಏಟು ಜೋರು ಮಾಮಾ. ಇವು ಇನ್ನೂರು ಮಿಲಿಗ್ರಾಂ. ಮುನ್ನೂರರವೂ ಬರ್ತಾವು. ಮುಂದಿನ ಸಲ ತರ್ತೇನಿ."

ಸೆಕೆಂಡಿಗೆ ಇನ್ನೂರು ಅಡಿ ಎಂಬುದು ವೇಗ, ದೂರವಲ್ಲ ಎಂದು ಹೇಳಬಲ್ಲವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ಆವತ್ತು ಕಾಗದಪತ್ರದ ಕೆಲಸಕ್ಕೆ ವಿಜಯಪುರಕ್ಕೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು.

ಮರುದಿನ ಮೊದಲ ಪರೀಕ್ಷೆ ನಡೆಯಿತು. ಮಾಳಿಗೆಯ ಮೇಲೆ ದೊಡ್ಡದೊಂದು ಮುಸುವ ಶೇಂಗಾ ಸುಲಿಯುತ್ತ ಕೂತಿತ್ತು. ಗುರಣ್ಣ ಅಂಗಳದಲ್ಲಿ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ ಹೊಡೆದ. ಗುಂಡು ಮುಸುವದ ಕುಂಡಿಗೆ ಬಿತ್ತು. ಮುಸುವ ಆ ಜಾಗ ಕೆರೆದುಕೊಂಡಿತು. ಬಿದ್ದ ಗುಂಡನ್ನು ಹುಡುಕಿ ಎತ್ತಿ, ಮೂಸಿ, ಕಚ್ಚಿ, ರುಚಿಯಿಲ್ಲವೆಂದು ಗುರಣ್ಣನ ತಲೆಯ ಮೇಲೆ ಎಸೆಯಿತು. ಆಮೇಲೆ ಇನ್ನೆರಡು ಮುಸುವಗಳು ಬಂದು ಗುಂಡು ಬರುವುದನ್ನು ಕಾಯುತ್ತ ಕೂತವು. ಬಿರುಕಿನಿಂದ ನಾನೇ ನೋಡಿದ್ದೇನೆ.

ಅದೇ ಗುರಣ್ಣ ಮಧ್ಯಾಹ್ನ ಚಹಾದಂಗಡಿಯಲ್ಲಿ ಹೇಳಿದ್ದು ಹೀಗೆ: "ಒಂದ ಏಟು. ಹನ್ನೊಂದು ಮಂಗ್ಯಾ ಊರು ಬಿಟ್ಟು ಹೋದೂ."

ಚುನಾವಣೆ ಘೋಷಣೆಯಾಯಿತು. ಗೌಡರ ಬಂದೂಕು ಶಾಲು ಹೊದ್ದು ಜೀಪು ಹತ್ತಿತು. ಜೀಪಿನ ಧೂಳು ಇನ್ನೂ ಓಣಿಯಲ್ಲಿ ಕೂತಿರಲಿಲ್ಲ, ಗುರಣ್ಣ ತಿಪ್ಪವ್ವನ ಇಳಕಲ್ ಸೀರೆಯಲ್ಲಿ ತನ್ನ ಬಂದೂಕು ಸುತ್ತಿಕೊಂಡು ಹೊರಗೆ ಬಂದ. ನಳಿಗೆಗೆ ಕುಂಕುಮವೂ ಬಿದ್ದಿತ್ತು.

"ಏನ್ರಿ, ಮಗಳು ಬರೂ ತನಕ ತಡೀರಿ" ಎಂದಳು ತಿಪ್ಪವ್ವ. "ಅದು ಆಟಿಗಿ ಸಾಮಾನು. ಠಾಣ್ಯಾಗ ಏನಂತ ಇಡ್ತೀರಿ?"

"ನಿನಗ ತಿಳಿಯೂದಿಲ್ಲ. ನಾಳೆ ನಮ್ಮ ಮನಿ ವಿಚಾರಸಾಕ ಪೊಲೀಸರು ಬರ್ತಾರ. ಬರೇ ನಿಂಬಿಹಣ್ಣಿನ ಬುಟ್ಟಿ ಕಂಡ್ರ ಏನಂದಾರು? ಬಂದೂಕು ಜಮಾ ಮಾಡಿದ ಮನಿತನ ಅಂತ ಮೊದಲ ಠಾಣ್ಯಾಗ ಹೆಸರು ಇದ್ರ, ಮಗಳಿಗೆ ಅದೊಂದು ತೂಕ."

ಈ ತರ್ಕದಲ್ಲಿ ತಪ್ಪು ಎಲ್ಲಿದೆಯೆಂದು ತಿಪ್ಪವ್ವನಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಆದರೆ ಇಂಥ ತಮಾಷೆ ತಪ್ಪಿಸಿಕೊಳ್ಳುವಷ್ಟು ಒಳ್ಳೆಯ ಮನುಷ್ಯ ನಾನಲ್ಲ. ಗಿರಣಿಗೆ ಬೀಗ ಹಾಕಿ ಅವನ ಟಿವಿಎಸ್ ಗಾಡಿಯ ಹಿಂದೆ ಕೂತೆ.

ಠಾಣೆಯ ಪಡಸಾಲೆಯ ಬೆಂಚಿನ ಮೇಲೆ ಗೌಡರು ಆಗಲೇ ಕೂತಿದ್ದರು. ಹವಾಲ್ದಾರ ಹಾಜಿಮಲಂಗ ದಪ್ಪ ಪುಸ್ತಕ ತೆರೆದು ಬರೆಯುತ್ತಿದ್ದರು. ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವ ಮನುಷ್ಯ. ಕೆಮ್ಮಿದರೆ ಅದನ್ನೂ ಬರೆದಾರೆಂದು ಜನ ಅವರೆದುರು ಕೆಮ್ಮುವುದಿಲ್ಲ.

ಗುರಣ್ಣ ಸೀರೆ ಬಿಚ್ಚಿ ಬಂದೂಕನ್ನು ಮೇಜಿನ ಮೇಲೆ ಇಟ್ಟ. "ಚುನಾವಣೆ ಬಂತಲ್ರಿ. ಜಮಾ ಮಾಡಕೋರಿ. ರಸೀದಿ ಕೊಡ್ರಿ."

"ಲೈಸೆನ್ಸ್ ನಂಬರ?"

"ಲೈಸೆನ್ಸ್ ಇಲ್ರಿ. ಬಿಲ್ಲು ಐತಿ."

ಹಾಜಿಮಲಂಗರ ಪೆನ್ನು ನಿಂತಿತು. "ಗುರಣ್ಣ, ಇಪ್ಪತ್ತೆಂಟು ವರ್ಷ ನೌಕರಿ ಮಾಡೇನಿ. ಲೈಸೆನ್ಸ್ ಇಲ್ಲದ ಬಂದೂಕಿಗೆ ಕುಂಕುಮ ಹಚ್ಚಿ, ತಾನಾಗೇ ತಂದು ಠಾಣ್ಯಾಗ ಇಟ್ಟಾಂವ ನೀನ ಮೊದಲನೇದಾಂವ. ಇದೇನು ಆಟಿಗಿ ಏನು? ಆಟಿಗಿ ಅಂದ್ರ ಎತ್ತಿಕೊಂಡು ಮನಿಗೆ ಹೋಗು."

ಬಾಗಿಲು ತೆರೆದೇ ಇತ್ತು. "ಹೌದ್ರಿ, ಆಟಿಗಿ" ಎನ್ನಲು ಎರಡು ಪದ ಸಾಕು. ಅಷ್ಟರಲ್ಲಿ ಬೆಂಚಿನ ಮೇಲಿನಿಂದ ಗೌಡರು ಮೀಸೆಯಡಿ ಒಂದು ನಗು ನಕ್ಕರು. ದೊಡ್ಡ ನಗುವೇನಲ್ಲ. ಗುರಣ್ಣನನ್ನು ಹಾಳುಮಾಡಲು ಅಷ್ಟು ಸಾಕಾಯಿತು.

"ಆಟಿಗಿ? ಇನ್ನೂರು ಅಡಿಗೆ ಹೊಡೀತೈತ್ರಿ ಸಾಹೇಬ್ರ! ಒಂದ ಏಟಿಗೆ ಹನ್ನೊಂದು ಮಂಗ್ಯಾ ಜಿಲ್ಲಾ ಬಿಟ್ಟು ಕಲಬುರ್ಗಿ ಕಡೆ ಹೋದೂ. ಬೇವಿನ ಟೊಂಗಿ ಎರಡು ತುಂಡ ಆತು. ನಾ ಮನಸ್ಸು ಮಾಡಿದ್ರ..."

"ಮನಸ್ಸು ಮಾಡಿದ್ರ?" ಹಾಜಿಮಲಂಗ ಬರೆಯುತ್ತಲೇ ಕೇಳಿದರು.

"ಮನಸ್ಸು ಮಾಡೂದಿಲ್ಲ ಬಿಡ್ರಿ. ಸಜ್ಜನ ಮನಿತನ ನಮ್ಮದು."

"'ಸಜ್ಜನ ಮನೆತನ'" ಎಂದು ಅದನ್ನೂ ಬರೆದು, ಹವಾಲ್ದಾರರು ಹೆಸರು, ಊರು, ಮಕ್ಕಳು ಕೇಳಿದರು. ರಾಜಶ್ರೀ ಎಂದೊಡನೆ ಅವರ ಕೈ ಮೇಜಿನ ಇನ್ನೊಂದು ಮೂಲೆಗೆ ಹೋಯಿತು. ಅಲ್ಲೊಂದು ಹಳದಿ ಫೈಲು. "ರಾಜಶ್ರೀ ಗುರಣ್ಣ, ಹುಣಸಿಬಾವಿ. ಕಾನ್‌ಸ್ಟೆಬಲ್ ಆಯ್ಕೆ. ಇದರ ವರದಿ ಬರೀಬೇಕಾದಾಂವ ನಾನ." ಅವರು ಎಡಗೈಯಲ್ಲಿ ಫೈಲು, ಬಲಗೈಯಲ್ಲಿ ಗುರಣ್ಣನ ಹೇಳಿಕೆ ಹಿಡಿದು ಎರಡನ್ನೂ ತೂಗಿ ನೋಡಿದರು. "ಈಗ ನಾ ಏನ್ ಬರೀಲಿ? ಹುಡುಗಿ ಚಲೋ. ಅಪ್ಪನ ಕೈಯಾಗ ಲೈಸೆನ್ಸ್ ಇಲ್ಲದ ಬಂದೂಕು?"

ಗುರಣ್ಣ ಮೇಜಿನ ಮೇಲೆ ಬಗ್ಗಿಬಿಟ್ಟ. "ಸಾಹೇಬ್ರ, ಅದು ಆಟಿಗಿ ರೀ! ಖರೇನ ಆಟಿಗಿ!"

"ಈಗ ಬಂತಾ ಆಟಿಗಿ? ಶಾಯಿ ಒಣಗೇತಿ. ಪಿಎಸ್ಐ ಮೇಡಂ ಇಂಡಿಗೆ ಬಂದೋಬಸ್ತಿಗೆ ಹೋಗ್ಯಾರ. ಶನಿವಾರ ಬರ್ತಾರ. ಅವರು ನೋಡೂ ತನಕ ಬಂದೂಕೂ ಇಲ್ಲೇ, ಫೈಲೂ ಇಲ್ಲೇ."

"ರಸೀದಿ?" ಎಂದು ಗುರಣ್ಣನ ಬಾಯಿ ಅಭ್ಯಾಸಬಲದಿಂದ ಕೇಳಿಬಿಟ್ಟಿತು. ನಾನು ಅವನ ತೋಳು ಹಿಡಿದು ಎಳೆದುಕೊಂಡು ಬಂದೆ.

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ನನ್ನ ಗಿರಣಿ ಆ ಎರಡು ದಿನ ಜೋಳಕ್ಕಿಂತ ಹೆಚ್ಚು ಮಾತು ಬೀಸಿತು. ಗುರಣ್ಣನ ಮನೆಯಲ್ಲಿ ಮೂರು ಬಂದೂಕು ಸಿಕ್ಕವೆಂದು ಒಬ್ಬರು, ನಿಂಬೆ ಬುಟ್ಟಿಯ ತಳದಲ್ಲಿ ಮದ್ದುಗುಂಡು ಸಾಗಿಸುತ್ತಿದ್ದನೆಂದು ಇನ್ನೊಬ್ಬರು. ಸಿಂದಗಿಯ ನೆಂಟನೊಬ್ಬ ಫೋನು ಮಾಡಿ, "ನಮ್ಮ ಹೊಲದ ಬದುವಿನ ತಂಟೆ ಐತಿ, ಬಂದೂಕು ಠಾಣ್ಯಾಗಿಂದ ವಾಪಸ ಬಂದ ಮ್ಯಾಲ ಎರಡು ದಿನಕ್ಕ ಕೊಡ್ತೀಯೇನು?" ಎಂದು ಕೇಳಿದ. ದೇವರ ಹಿಪ್ಪರಗಿಯ ಸೋದರತ್ತೆ ಸಾವಿತ್ರವ್ವ, "ಎಂಥಾ ಧೈರ್ಯಾದಾಂವ ಆದ್ಯೋ ನನ್ನಪ್ಪಾ!" ಎಂದು ಹೆಮ್ಮೆಯಿಂದ ಅತ್ತಳು. ಜೀವಮಾನವೆಲ್ಲ ಬಯಸಿದ ಹೆಸರು ಗುರಣ್ಣನಿಗೆ ಸಿಕ್ಕಿತ್ತು. ಅವನು ಮಾತ್ರ ಕಂಬಳಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ಶುಕ್ರವಾರ ರಾಜಶ್ರೀ ಬಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಬಿರುಕಿನ ಈಚೆ ನಾನು ಕಿವಿಯಿಟ್ಟು ನಿಂತೆ.

"ಅಪ್ಪಾ, ಎದ್ದು ಕುಂದರು. ಅದರ ಜೋರು ಎಷ್ಟೈತಿ ಅಂತ ನಿನಗ ಗೊತ್ತೈತೇನು?"

"ಭಾಳ ಅಂತ ಹೇಳೇನಿ."

"ಭಾಳ ಅನ್ನೂದು ಅಳತಿ ಅಲ್ಲ. ಅಳದು ತೋರಿಸಬೇಕು." ಅವಳು ಡಬ್ಬಿಯಲ್ಲಿ ಉಳಿದಿದ್ದ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದಳು. "ನಾ ಓಡಿದ್ದು ಎರಡು ವರ್ಷ. ಒಂದು ಸೋಮವಾರಕ್ಕ ಅದನ್ನ ಬಿಡೂದಿಲ್ಲ. ಅವ್ವಾ, ನಾಳೆ ಮುಂಜಾನೆ ರೊಟ್ಟಿ ಹಿಟ್ಟು ನಾದಿ ಕೊಡು."

"ರೊಟ್ಟಿ ಹಿಟ್ಟು ಯಾಕವ್ವಾ?"

"ಗುಂಡು ಹೊಡ್ಯಾಕ."

ತಿಪ್ಪವ್ವ ಗಂಡನ ಕಡೆ ನೋಡಿದಳು, ಮಗಳ ಕಡೆ ನೋಡಿದಳು. ಇಬ್ಬರಲ್ಲಿ ಒಬ್ಬರಿಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಳು. ಈಗ ಲೆಕ್ಕ ತಪ್ಪಿತು.

ಶನಿವಾರ ಠಾಣೆಗೆ ನಾವು ಹೊರಟದ್ದು ಹೀಗೆ: ರಾಜಶ್ರೀಯ ಕೈಯಲ್ಲಿ ನೋಟುಪುಸ್ತಕ ಮತ್ತು ಅಳತೆಪಟ್ಟಿ, ತಿಪ್ಪವ್ವನ ಕೈಯಲ್ಲಿ ಬಿಸಿನೀರು ಹಾಕಿ ನಾದಿದ ಜೋಳದ ಹಿಟ್ಟು, ನನ್ನ ಕೈಯಲ್ಲಿ ಪತ್ತಾರ ಯಂಕಪ್ಪನಿಂದ ಕೇಳಿ ತಂದ ಬಂಗಾರ ತೂಗುವ ತಕ್ಕಡಿ. ಗುರಣ್ಣನ ಕೈಯಲ್ಲಿ ಏನೂ ಇರಲಿಲ್ಲ. ಅವನ ಕೈಗೆ ಏನೂ ಕೊಡಬಾರದೆಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಪಿಎಸ್ಐ ಫರಹತ ಮೇಡಂ ಎರಡು ದಿನದ ಬಂದೋಬಸ್ತಿನಿಂದ ದಣಿದು ಬಂದಿದ್ದರು. ಹೇಳಿಕೆ ಓದಿದರು. ಹನ್ನೊಂದು ಮಂಗಗಳ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟು ಗುರಣ್ಣನನ್ನು ಒಮ್ಮೆ ನೋಡಿ, ಮತ್ತೆ ಓದಿದರು.

"ಇದನ್ನ ಪರೀಕ್ಷಾಕ್ಕ ಕಳಿಸಿದ್ರ ವರದಿ ಬರಾಕ ತಿಂಗಳುಗಟ್ಟಲೆ ಹಿಡೀತೈತಿ. ಸೋಮವಾರ ದಾಟಿದ್ರ ಹುಡುಗಿ ಕಥಿ ಏನು?" ಎಂದು ಅವರೇ ಹೇಳಿಕೊಂಡರು. "ಏರ್‌ಗನ್ ಇಪ್ಪತ್ತು ಜೂಲ್ ಒಳಗಿದ್ರ ಲೈಸೆನ್ಸ್ ಬ್ಯಾಡ ಅಂತ ಐತೆಲ್ಲ?"

"ಐತ್ರಿ ಮೇಡಂ. ಆದ್ರ ಅದಕ್ಕ ನಳಿಗಿ ತೂತು ನಾಕೂವರಿ ಮಿಲಿಮೀಟರ್ ಒಳಗಿರಬೇಕ್ರಿ. ಇದರದು ಆರು ಐತಿ. ಆ ದಾರಿಲೆ ಹೋದ್ರ ನಮ್ಮಪ್ಪ ಸಿಗಬೀಳ್ತಾನ್ರಿ" ಎಂದಳು ರಾಜಶ್ರೀ.

ಗುರಣ್ಣ ಎದೆ ಹಿಡಿದುಕೊಂಡ. ತನ್ನ ವಿರುದ್ಧ ಸಾಕ್ಷಿ ಹೇಳಲು ಹೆತ್ತ ಮಗಳೇ ಬೇಕಿತ್ತೇ! ಆದರೆ ಮೇಡಂ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತರು.

"ಮತ್ತ?"

"ಆಟಿಗಿ ಬಿಟ್ಟು ಬ್ಯಾರೇ ಯಾವುದಕ್ಕೂ ಬಾರದ್ದು, ಖರೇ ಆಯುಧಾ ಮಾಡಾಕೂ ಬಾರದ್ದು ಶಸ್ತ್ರ ಅಲ್ಲ ಅಂತ ಕಾಯ್ದೆದಾಗ ಐತ್ರಿ. ಅಷ್ಟ ಸಾಬೀತ ಮಾಡ್ತೇನಿ. ನಿಮ್ಮ ಎದುರಿಗೇ ಅಳೀತೇನಿ."

ಮೇಡಂ ಒಪ್ಪಿದರು. ಪಂಚನಾಮೆಗೆ ಸಾಕ್ಷಿ ನಿಲ್ಲುವ ಇಬ್ಬರು ಪಂಚರು ಬೇಕು. ಒಬ್ಬ ನಾನಾದೆ. ಇನ್ನೊಬ್ಬರು ಬೇಕೆಂದು ಹಾಜಿಮಲಂಗ ಕರೆಸಿದ್ದು ಯಾರನ್ನು? ಬಂದೂಕಿನ ವಿಷಯ ಬಲ್ಲ ದೊಡ್ಡ ಮನುಷ್ಯರೆಂದು ಮಡಿವಾಳಪ್ಪ ಗೌಡರನ್ನೇ. ದೇವರಿಗೂ ಒಮ್ಮೊಮ್ಮೆ ಹಾಸ್ಯಪ್ರಜ್ಞೆ ಹೆಚ್ಚಾಗುತ್ತದೆ.

"ಮೊದಲು ಹೇಳಿಕೆ ತಿದ್ದಬೇಕು" ಎಂದರು ಮೇಡಂ. "ಗುರಣ್ಣ, ಪಂಚರ ಮುಂದ ನಿಮ್ಮ ಬಾಯಿಲೆ ಖರೇ ಹೇಳ್ರಿ. ಮಂಗ ಎಷ್ಟು ಓಡಿದೂ?"

ಗುರಣ್ಣ ಗೌಡರನ್ನು ನೋಡಿದ. ಗೌಡರ ಮೀಸೆ ಸಿದ್ಧವಾಗಿ ನಿಂತಿತ್ತು. ಆಮೇಲೆ ಅವನು ಮಗಳನ್ನು ನೋಡಿದ. ಅವಳು ತಲೆ ಎತ್ತದೆ ದಾರಕ್ಕೆ ಗಂಟು ಹಾಕುತ್ತಿದ್ದಳು. ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಇಷ್ಟು ಹೊತ್ತು ಧೈರ್ಯದ ಗುಡ್ಡದಂತಿದ್ದ ಹುಡುಗಿ ಇವಳೇ.

"ಒಂದೂ ಓಡಲಿಲ್ರಿ" ಎಂದ ಗುರಣ್ಣ. "ಒಂದು ಮುಸುವಕ್ಕ ತಾಗಿತು. ಅದು ಗುಂಡು ಕಚ್ಚಿ ನೋಡಿ ನನ್ನ ತಲಿ ಮ್ಯಾಲ ಒಗೀತು. ಬೇವಿನ ಗಿಡಾನ ನಮ್ಮ ಮನಿ ಹತ್ರ ಇಲ್ರಿ. ಗೌಡ್ರ ಗತೆ ನನಗೂ ಒಂದು ರಸೀದಿ ಬೇಕಾಗಿತ್ತು, ಅದಕ್ಕ ಸುಳ್ಳು ಬರಸಿದ್ನಿ. ನನ್ನ ಮಗಳು ಎರಡು ವರ್ಷ ಓಡಿ ಗಳಿಸಿದ್ದನ್ನ ನಾ ಎರಡು ನಿಮಿಷ ಮಾತಾಡಿ ಕೆಡಸೇನ್ರಿ. ಇಷ್ಟ ಖರೇ. ಬರಕೋರಿ."

ಹಾಜಿಮಲಂಗ ಬರೆದುಕೊಂಡರು. ಗೌಡರು ನಗಲಿಲ್ಲ. ಮೀಸೆ ಸವರಿದ ಕೈ ಅಲ್ಲೇ ಉಳಿಯಿತು. ನಾನೂ ಏನೋ ಕಣ್ಣಿಗೆ ಬಿದ್ದವನ ಹಾಗೆ ಆ ಕಡೆ ತಿರುಗಿದೆ.

ಪರೀಕ್ಷೆ ಶುರುವಾಯಿತು. ಹತ್ತು ಗುಂಡುಗಳನ್ನು ಒಟ್ಟಿಗೆ ಬಂಗಾರದ ತಕ್ಕಡಿಯಲ್ಲಿಟ್ಟರೆ ಎರಡು ಗ್ರಾಂ. ಎಂದರೆ ಒಂದಕ್ಕೆ ಇನ್ನೂರು ಮಿಲಿಗ್ರಾಂ. ಹಿಟ್ಟಿನ ಉಂಡೆ ನಲವತ್ತು ಗ್ರಾಂ, ಒಂದು ಒಳ್ಳೆಯ ನಿಂಬೆಹಣ್ಣಿನಷ್ಟು. ಅದನ್ನು ಒಂದು ಮೀಟರ್ ದಾರದಲ್ಲಿ ಪಡಸಾಲೆಯ ತೊಲೆಗೆ ತೂಗಿಬಿಟ್ಟು, ಕೆಳಗೆ ಅಳತೆಪಟ್ಟಿ ಇಟ್ಟಳು ರಾಜಶ್ರೀ.

"ಗುಂಡು ಹಿಟ್ಟಿನಾಗ ಸಿಕ್ಕೊಂಡ್ರ ಉಂಡಿ ಜೋಲಿ ಹೊಡೀತೈತ್ರಿ. ಎಷ್ಟು ದೂರ ಹೋತು ಅಂತ ನೋಡಿದ್ರ ಗುಂಡಿನ ವೇಗ ಸಿಗ್ತೈತಿ. ತೂಕ, ವೇಗ ಎರಡೂ ಸಿಕ್ರ ಜೋರು ಸಿಕ್ಕಂಗ."

ಹೊಡೆಯುವ ಕೆಲಸ ಹಾಜಿಮಲಂಗರದು. ಮೊದಲನೆಯ ಗುಂಡು ಉಂಡೆ ಬಿಟ್ಟು ಗೋಡೆಗೆ ಬಿತ್ತು. ಎರಡನೆಯದು ಅವರದೇ ಚಹಾದ ಕಪ್ಪಿಗೆ ಬಿದ್ದು ಟಿಂಗ್ ಎಂದಿತು. ಕಪ್ಪು ಒಡೆಯಲಿಲ್ಲ. "ಇದನ್ನೂ ಪಂಚನಾಮೆದಾಗ ಬರಕೋರಿ, ಕಪ್ಪು ಒಡೀಲಿಲ್ಲ!" ಎಂದು ಗುರಣ್ಣ ಕೂಗಿದ. ಮೂರು ದಿನದ ಹಿಂದೆ ಇದೇ ಬಂದೂಕಿನಿಂದ ಬೇವಿನ ಟೊಂಗೆ ತುಂಡು ಮಾಡಿಸಿದ ಮನುಷ್ಯ ಇವನೇ.

ಮೂರನೆಯದು ಉಂಡೆಗೆ ತಾಗಿತು. ಚಪ್ ಎಂದು ಹಿಟ್ಟಿನೊಳಗೆ ಕೂತಿತು. ಉಂಡೆ ತೂಗಿತು. ಎಲ್ಲರೂ ಬಗ್ಗಿದೆವು. ಹತ್ತು ಸೆಂಟಿಮೀಟರಿಗೆ ಒಂದಿಷ್ಟು ಕಡಿಮೆ. ರಾಜಶ್ರೀ ನೋಟುಪುಸ್ತಕದಲ್ಲಿ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು.

"ಸೊನ್ನಿ ಪಾಯಿಂಟ್ ಮೂರು ಏಳು ಜೂಲ್ ರೀ."

"ಅದು ಸಣ್ಣದೇನು?" ಗುರಣ್ಣ ನೋಟುಪುಸ್ತಕದೊಳಗೆ ಇಣುಕಿದ. "ಇನ್ನೂ ಸಣ್ಣದು ಬರೂದಿಲ್ಲೇನವ್ವಾ?" ಹುಟ್ಟಿದ ಮೇಲೆ ಅವನು ಸಣ್ಣ ಅಂಕಿಗಾಗಿ ದೇವರನ್ನು ಬೇಡಿದ್ದು ಇದೇ ಮೊದಲು.

ಎಲ್ಲ ಸರಿಹೋಗಬೇಕು ಎನ್ನುವಾಗ ಗೇಟಿನಲ್ಲಿ ಬೈಕು ನಿಂತಿತು. ಭಾವನಿಗೆ ಸಹಾಯ ಮಾಡಲು ಮುದ್ದೇಬಿಹಾಳದಿಂದ ದುಂಡೇಶ ಹಾರಿಬಂದಿದ್ದ. ಕೈಯಲ್ಲಿ ಒಂದು ಪೊಟ್ಟಣ. "ಮಾಮಾ, ಅಂಜಬ್ಯಾಡ್ರಿ, ಬಂದೇನಿ! ಭಾರದ ಗುಂಡು ತಂದೇನಿ, ಮುನ್ನೂರು ಮಿಲಿಗ್ರಾಂ! ಇದರ ಏಟು ನೋಡ್ರಿ ಹೆಂಗಿರ್ತೈತಿ!"

ತಿಪ್ಪವ್ವ ತಮ್ಮನನ್ನು ನೋಡಿದ ನೋಟಕ್ಕೆ ಲೈಸೆನ್ಸ್ ಬೇಕಾಗುತ್ತಿತ್ತು. ಆದರೆ ಮೇಡಂ ಕೇಳಿಸಿಕೊಂಡಾಗಿತ್ತು. "ಅವನ್ನೂ ಹಾಕಿ ನೋಡ್ರಿ."

ಹೊಸ ಹಿಟ್ಟು, ಹೊಸ ಉಂಡೆ, ಭಾರದ ಗುಂಡು. ಚಪ್! ಈ ಸಲ ಉಂಡೆ ಮುಂದೆ ಹೋಯಿತು. ಹತ್ತು ದಾಟಿ ಹನ್ನೆರಡರ ಹತ್ತಿರ. ಗುರಣ್ಣ ಕಂಬ ಹಿಡಿದು ಮೆಲ್ಲಗೆ ಕೆಳಗೆ ಕೂತ. "ಹೋತು. ಜಾಸ್ತಿ ಆತು. ಮಗಳ ನೌಕರಿ ಹೋತು."

"ತಡಿ ಅಪ್ಪಾ" ಎಂದಳು ರಾಜಶ್ರೀ. ಪೆನ್ಸಿಲು ಓಡಿತು. ಕೊನೆಗೆ ಅವಳು ಮುಖ ಎತ್ತಿದಾಗ ಮೊದಲ ಸಲ ನಕ್ಕಳು. "ಅದೇ ರೀ ಮೇಡಂ. ಸೊನ್ನಿ ಪಾಯಿಂಟ್ ಮೂರು ಏಳು. ಗುಂಡು ಭಾರ ಆತು, ವೇಗ ಕಡಿಮಿ ಆತು. ಎತ್ತು ಅದೇ ಇದ್ದು ಗಾಡಿಗೆ ಎರಡು ಚೀಲ ಹೆಚ್ಚು ಹೇರಿದ್ರ, ನಡಿಗಿ ನಿಧಾನ ಆಗ್ತೈತಲ್ರಿ, ಹಂಗ. ಭಾರ ಇದ್ದದ್ದು ಉಂಡಿನ್ನ ಒಂಚೂರು ಹೆಚ್ಚು ದೂಡ್ತೈತಿ. ಆದ್ರ ಒಳಗಿನ ಸ್ಪ್ರಿಂಗ್ ಕೊಡೂದು ಅಷ್ಟ, ಬರೂದು ಅಷ್ಟ."

"ಮೂರು ಏಳು ಅಂದ್ರ ಎಷ್ಟು, ನಮಗ ತಿಳಿಯೂ ಹಂಗ ಹೇಳು ತಂಗಿ" ಎಂದರು ಗೌಡರು. ಪಂಚರಲ್ಲವೇ, ಅಧಿಕಾರವಿತ್ತು.

"ಒಂದು ನಿಂಬಿಹಣ್ಣು ಸೊಂಟದ ಎತ್ತರದಿಂದ ನೆಲಕ್ಕ ಬಿದ್ರ ಎಷ್ಟು ಜೋರೋ ಅಷ್ಟ ರೀ. ಇಪ್ಪತ್ತು ಜೂಲ್ ಆಗಬೇಕಂದ್ರ ಅದೇ ನಿಂಬಿಹಣ್ಣು ಗೋಳಗುಮ್ಮಟದ ತುದಿಯಿಂದ ಬೀಳಬೇಕ್ರಿ."

ಮೇಡಂ ನಕ್ಕರು. ಆ ಮುಖಕ್ಕೂ ನಗು ಬರುತ್ತದೆಂದು ಹಾಜಿಮಲಂಗರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ, ಪೆನ್ನು ಕೆಳಗಿಟ್ಟು ನೋಡಿದರು. "ಆದ್ರೂ ಗುರಣ್ಣ, ಕಣ್ಣಿಗೆ ಬಿದ್ರ ಕಣ್ಣು ಹೋಗ್ತೈತಿ. ಮಂದಿ ಮುಂದ ಹಿಡಕೊಂಡು ತಿರಗಿದ್ರ ಖರೇ ಬಂದೂಕು ಅಂತ ಅಂಜತಾರ. ಮಂಗ್ಯಾಕ್ಕೂ ಜೀವ ಐತಿ. ಹಾಜಿಮಲಂಗ, ಒಳಗ ಏನೈತಿ ಬಿಚ್ಚಿ ನೋಡ್ರಿ."

ಹಾಜಿಮಲಂಗ ತಿರುಪು ಬಿಚ್ಚಿದರು. ಮೂರನೆಯ ತಿರುಪು ಸಡಿಲವಾದೊಡನೆ ಒಳಗಿನ ಸ್ಪ್ರಿಂಗು ಚಂಗನೆ ಹಾರಿ, ಅವರ ಟೋಪಿಯ ಮೇಲಿಂದ ಹೋಗಿ, ಪಡಸಾಲೆಯ ಹೆಂಚಿಗೆ ಬಡಿದು ಬಿತ್ತು. ಆ ಬಂದೂಕಿನಿಂದ ಇಲ್ಲಿಯವರೆಗೆ ಹಾರಿದ್ದರಲ್ಲಿ ಅತಿ ಜೋರಿನ ವಸ್ತು ಅದೇ. ಉಳಿದದ್ದೆಲ್ಲ ಪ್ಲಾಸ್ಟಿಕ್ಕು. ಗೌಡರು ಒಂದು ತುಂಡು ಎತ್ತಿ ಬೆಳಕಿಗೆ ಹಿಡಿದು, "ನನ್ನದರ ನಳಿಗ್ಯಾಗ ಕಣಜೀರಗಿ ಹುಳ ಗೂಡು ಕಟ್ಟ್ಯಾವು ಗುರಣ್ಣ. ಯಾರಿಗೂ ಹೇಳಬ್ಯಾಡ" ಎಂದರು ಮೆಲ್ಲಗೆ. ಹೇಳಬೇಡವೆಂದದ್ದು ಗುರಣ್ಣನಿಗೆ, ನನಗಲ್ಲ. ಹಾಗಾಗಿ ಬರೆದಿದ್ದೇನೆ.

ಹಳದಿ ಫೈಲು ಅವತ್ತೇ ವಿಜಯಪುರಕ್ಕೆ ಹೋಯಿತು. 'ಹುಡುಗಿಯ ನಡತೆ ಉತ್ತಮ. ಮನೆತನದ ಮೇಲೆ ಯಾವುದೇ ಪ್ರಕರಣ ಇಲ್ಲ' ಎಂದು ಬರೆದ ಹಾಜಿಮಲಂಗ, ಪೆನ್ನು ಮುಚ್ಚುವ ಮೊದಲು ಸ್ವಲ್ಪ ಯೋಚಿಸಿ, 'ಸಜ್ಜನ ಮನೆತನ' ಎಂದು ಸೇರಿಸಿದರು. ಹೇಳಿದ್ದನ್ನು ಬಿಡುವ ಮನುಷ್ಯನಲ್ಲ.

ಎರಡು ವರ್ಷದ ಮೇಲೆ ಮತ್ತೊಂದು ಚುನಾವಣೆ ಬಂತು. ಗೌಡರ ಬಂದೂಕು ಶಾಲು ಹೊದ್ದು ಜೀಪು ಹತ್ತಿತು. ಗುರಣ್ಣ ಈ ಸಲ ಓಣಿಯಲ್ಲಿ ನಿಲ್ಲಲೂ ಇಲ್ಲ. ಒಂದು ಗಂಟು ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಬಸವನ ಬಾಗೇವಾಡಿಯ ಬಸ್ಸು ಹತ್ತಿದ. ರಾಜಶ್ರೀ ಅಲ್ಲಿ ಠಾಣೆಯಲ್ಲಿದ್ದಳು. ಬಂದೂಕು ಜಮಾ ಮಾಡುವವರ ಸಾಲು ಪಡಸಾಲೆ ದಾಟಿ ನಿಂತಿತ್ತು. ಮೇಜಿನ ಹಿಂದೆ ಖಾಕಿ ತೊಟ್ಟು, ಹೆಸರು ಕೇಳುತ್ತ ರಸೀದಿ ಬರೆಯುತ್ತಿದ್ದವಳು ಅವಳೇ. ಮಗಳ ಹತ್ತಿರ ಸೀದಾ ಹೋಗಬಹುದಿತ್ತು. ಗುರಣ್ಣ ಹೋಗಲಿಲ್ಲ. ದೊಡ್ಡ ದೊಡ್ಡ ಮೀಸೆಯ ಧಣಿಗಳ ಹಿಂದೆ, ಗಂಟು ಎದೆಗವಚಿಕೊಂಡು ಸಾಲಿನಲ್ಲಿ ನಿಂತ. ಅರ್ಧ ತಾಸಿನ ಮೇಲೆ ಅವನ ಸರದಿ ಬಂತು.

ರಾಜಶ್ರೀ ತಲೆ ಎತ್ತಿದಳು. ಮುಖದಲ್ಲಿ ನಗುವಿನ ಎಳೆಯೂ ಇಲ್ಲ. "ಹೆಸರು?"

"ಗುರಣ್ಣ ರೀ. ಹುಣಸಿಬಾವಿ."

"ಏನ ಜಮಾ ಮಾಡಾಕ ಬಂದೀರಿ?"

ಗುರಣ್ಣ ಗಂಟು ಬಿಚ್ಚಿ ಮೇಜಿನ ಮೇಲೆ ಇಟ್ಟ. ಹಿಂದೆ ನಿಂತ ಧಣಿಗಳೆಲ್ಲ ಕತ್ತು ಚಾಚಿ ನೋಡಿದರು. ರಾಜಶ್ರೀ ಸರಕಾರಿ ಪುಸ್ತಕ ಪಕ್ಕಕ್ಕೆ ಸರಿಸಿ, ತನ್ನ ನೋಟುಪುಸ್ತಕದಿಂದ ಒಂದು ಹಾಳೆ ಹರಿದು, ನಿಧಾನವಾಗಿ ಬರೆದು, ಸಹಿ ಹಾಕಿ ಕೊಟ್ಟಳು. ಬಸ್ಸಿನಲ್ಲಿ ವಾಪಸು ಬರುವಾಗ ಗುರಣ್ಣ ಆ ಹಾಳೆಯನ್ನು ನನಗೆ ಮುಟ್ಟಲು ಕೊಡಲಿಲ್ಲ, ಹಿಡಿದು ತೋರಿಸಿದ, ಅಷ್ಟೆ.

ಈಗ ಅದು ಅವನ ಪಡಸಾಲೆಯಲ್ಲಿ, ದೇವರ ಪಟಗಳ ಸಾಲಿನಲ್ಲಿ ಗಾಜಿನೊಳಗಿದೆ. ಗೌಡರು ಒಂದು ಸಂಜೆ ಚಹಾಕ್ಕೆ ಬಂದವರು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ಗಟ್ಟಿಯಾಗಿ ಓದಿದರು: 'ಹುಣಸಿಬಾವಿಯ ಗುರಣ್ಣ ಇವರಿಂದ ಜಮಾ ಪಡೆದದ್ದು: ಕಟಕ ರೊಟ್ಟಿ ಇಪ್ಪತ್ತು, ಶೇಂಗಾ ಚಟ್ನಿ ಒಂದು ಡಬ್ಬಿ, ನಿಂಬಿಹಣ್ಣು ಹನ್ನೊಂದು. ಚುನಾವಣೆ ಮುಗಿದ ಮೇಲೆ ವಾಪಸು ಕೊಡುವುದಿಲ್ಲ.'

ಗೌಡರು ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ನಮ್ಮ ಮನ್ಯಾಗ ಮೂರು ತಲಿಮಾರಿನ ರಸೀದಿ ಅದಾವೋ ಗುರಣ್ಣ" ಎಂದರು. "ಮಗಳ ಕೈಲೆ ಬರದದ್ದು ಒಂದೂ ಇಲ್ಲ."